ಹ್ಯಾಂಡ್‌ಮೇಡ್ ಬ್ರ್ಯಾಂಡ್ ನಿಜವಾಗ್ಲೂ ಎಥಿಕಲ್ಲಾ ಅಂತ ಹೆಂಗ್ ಕಂಡುಹಿಡಿಯೋದು?

ಹಳೇಗುಂಡಿ

ಎಲ್ರಿಗೂ ನಮಸ್ಕಾರ. ಒಂದು ಸಣ್ಣ ಬಟ್ಟೆ ಬ್ರ್ಯಾಂಡ್‌ನ ಆನ್‌ಲೈನಲ್ಲಿ ಸುಮಾರು ದಿನದಿಂದ ನೋಡ್ತಾ ಇದೀನಿ, ಹೆಸರು ಹೇಳಲ್ಲ, ಬರೀ ಅನುಮಾನದ ಮೇಲೆ ಯಾರದ್ದೋ ಹೊಟ್ಟೆ ಮೇಲೆ ಹೊಡಿಯೋದು ಬೇಡ. ಜಾಕೆಟ್ಟು, ಸ್ಕಾರ್ಫು, ಬ್ಯಾಗು ಮಾಡ್ತಾರೆ. ಎಲ್ಲಾ ಹ್ಯಾಂಡ್‌ಮೇಡ್, ನ್ಯಾಚುರಲ್ ಡೈ, ಸಸ್ಟೇನಬಲ್, ಮಹಿಳಾ ಕುಶಲಕರ್ಮಿಗಳ ಸಬಲೀಕರಣ ಅಂತೆಲ್ಲ ಬರ್ಕೊಂಡಿದಾರೆ, ಫೋಟೋಗಳೂ ಚೆನ್ನಾಗಿವೆ, ಮಗ್ಗದ ಮುಂದೆ ಕೂತು ನಗ್ತಿರೋ ಹೆಂಗಸರು, ಬಣ್ಣದ ಕೈಗಳು, ಹಂಗೆ. ಆದ್ರೆ ವೆಬ್‌ಸೈಟ್ ಪೂರ್ತಿ ಜಾಲಾಡಿದ್ರೂ ಯಾರು ಮಾಡ್ತಾರೆ, ಎಲ್ಲಿ ಮಾಡ್ತಾರೆ, ಅವರಿಗೆ ಎಷ್ಟು ಸಿಗುತ್ತೆ ಅನ್ನೋದು ಒಂದು ಸಾಲೂ ಇಲ್ಲ. ಸರ್ಟಿಫಿಕೇಟ್ ಕೂಡ ಯಾವ್ದೂ ಇಲ್ಲ.

ಫಾಸ್ಟ್ ಫ್ಯಾಷನ್ ಬಿಟ್ಟು ಇಂಥ ಕಡೆ ತಗೋಬೇಕು ಅಂತ ಮನಸ್ಸಿದೆ, ಮಾಮೂಲಿ ಜಾಕೆಟ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ದುಡ್ಡು ಕೊಡೋಕೂ ರೆಡಿ ಇದೀನಿ, ಆದ್ರೆ ಆ ಜಾಸ್ತಿ ದುಡ್ಡು ಮಾಡಿದವರಿಗೆ ಹೋಗುತ್ತಾ ಇಲ್ಲ ಫೋಟೋಗ್ರಾಫರ್‌ಗೆ ಹೋಗುತ್ತಾ ಅಂತ ಗೊತ್ತಾಗ್ಬೇಕಲ್ಲ. ಸರ್ಟಿಫಿಕೇಟ್ ಇಲ್ಲದಿರೋ ಸಣ್ಣ ಬ್ರ್ಯಾಂಡ್‌ನ ನಮ್ಮಂಥ ಸಾಮಾನ್ಯ ಗಿರಾಕಿ ಹೆಂಗ್ ಅಳೆಯೋದು? ಈ ಲೈನಲ್ಲಿ ಕೆಲಸ ಮಾಡಿದವರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್.

ಮೂಲೆಬೆಂಚು

ಎಲ್ಲಾ ಮಾರ್ಕೆಟಿಂಗ್ ಗುರು. ಸಸ್ಟೇನಬಲ್ ಅಂತ ಬರೆಯೋಕೆ ಯಾರ ಪರ್ಮಿಷನ್ನೂ ಬೇಡ, ನಾನು ಹಾಕಿರೋ ಬನಿಯನ್ ಮೇಲೂ ಬರೀಬಹುದು. ಇಷ್ಟ ಆದ್ರೆ ತಗೊಳ್ಳಿ ಇಲ್ಲಾಂದ್ರೆ ಬಿಡಿ, ಅಷ್ಟೇ.

ಸೂಜಿಮೊನೆ

@ಮೂಲೆಬೆಂಚು ಇನ್ನು ಮುಂದೆ ಎಲ್ಲಾ ಕಡೆ ಅಷ್ಟು ಸುಲಭ ಇರಲ್ಲ. ಯುರೋಪಿಯನ್ ಯೂನಿಯನ್ 2024ರಲ್ಲಿ ಒಂದು ನಿರ್ದೇಶನ ತಂದಿದೆ, ಪುರಾವೆ ಇಲ್ದೆ ಇಕೋ ಫ್ರೆಂಡ್ಲಿ, ಗ್ರೀನ್ ಅಂತ ಸುಮ್ನೆ ಬರೆಯೋದನ್ನ, ತಾವೇ ಡಿಸೈನ್ ಮಾಡ್ಕೊಂಡ ಎಲೆ ಗುರುತಿನ ಲೇಬಲ್ ಅಂಟಿಸೋದನ್ನ ತಡೆಯುತ್ತೆ, 2026ರ ಸೆಪ್ಟೆಂಬರ್ 27ರಿಂದ ಜಾರಿ. ಅದಿರ್ಲಿ.

@ಹಳೇಗುಂಡಿ ಅವರೇ, ನಾನು ಗಾರ್ಮೆಂಟ್ ಎಕ್ಸ್‌ಪೋರ್ಟಲ್ಲಿ ಮರ್ಚಂಡೈಸರ್ ಆಗಿ ವರ್ಷಗಟ್ಟಲೆ ಕೆಲಸ ಮಾಡಿದವಳು, ಕೈ ಕಸೂತಿ, ಕ್ರೋಶೆ, ಮಣಿ ಕೆಲಸದ ಆರ್ಡರ್‌ಗಳನ್ನೇ ಜಾಸ್ತಿ ನೋಡಿದ್ದು. ಮೊದಲು ಒಂದು ವಿಷಯ ತಲೆಯಿಂದ ತೆಗೆದುಹಾಕಿ, ಕೈಯಲ್ಲಿ ಮಾಡಿದ್ದು ಅಂದ ತಕ್ಷಣ ಅದು ನ್ಯಾಯವಾಗಿ ಮಾಡಿದ್ದು ಅಂತ ಅಲ್ಲ. ಕ್ರೋಶೆ ತಗೊಳ್ಳಿ. ಕೊಕ್ಕೆ ಸೂಜಿಯಲ್ಲಿ ಹಾಕೋ ನಿಜವಾದ ಕ್ರೋಶೆಯನ್ನ ಫ್ಯಾಕ್ಟರಿ ಲೆಕ್ಕದಲ್ಲಿ ತೆಗೆಯೋ ಮೆಷಿನ್ ಇವತ್ತಿಗೂ ಮಾರ್ಕೆಟ್ಟಲ್ಲಿ ಇಲ್ಲ, ಮೆಷಿನಲ್ಲಿ ಬರೋದೆಲ್ಲ ಅದರ ಥರ ಕಾಣೋ ನಿಟ್ಟಿಂಗು. ಅಂದ್ರೆ ಯಾವ್ದೋ ದೊಡ್ಡ ಚೈನ್ ಅಂಗಡಿಯಲ್ಲಿ ಟೀ ಶರ್ಟ್ ರೇಟಿಗೆ ನೇತಾಡ್ತಿರೋ ನಿಜವಾದ ಕ್ರೋಶೆ ಟಾಪ್ ಇದ್ಯಲ್ಲ, ಅದೂ ಹ್ಯಾಂಡ್‌ಮೇಡೇ. ಯಾರೋ ಒಬ್ರು ಗಂಟೆಗಟ್ಟಲೆ ಕೂತು ಹಾಕಿರೋದು. ಆ ರೇಟಲ್ಲಿ ಅಂಗಡಿ ಲಾಭ, ಸಾಗಣೆ, ದಾರ ಎಲ್ಲಾ ಕಳೆದ್ರೆ ಹಾಕಿದವರಿಗೆ ಏನು ಉಳೀತು ಅಂತ ನೀವೇ ಯೋಚ್ನೆ ಮಾಡಿ.

ಕೈಕೆಲಸದಲ್ಲಿ ಶೋಷಣೆ ಫ್ಯಾಕ್ಟರಿಗಿಂತ ಕಾಣೋದು ಕಷ್ಟ, ಯಾಕಂದ್ರೆ ಕೆಲಸ ನಡೆಯೋದು ಮನೆಗಳಲ್ಲಿ. ಫ್ಯಾಕ್ಟರಿಗೆ ಗೇಟ್ ಇರುತ್ತೆ, ಅಟೆಂಡೆನ್ಸ್ ಇರುತ್ತೆ, ಸುಳ್ಳೋ ನಿಜವೋ ಒಂದು ರಿಜಿಸ್ಟರ್ ಇರುತ್ತೆ. ಮನೆ ಕೆಲಸದಲ್ಲಿ ಬ್ರ್ಯಾಂಡು ಸಪ್ಲೈಯರ್‌ಗೆ ಕೊಡುತ್ತೆ, ಸಪ್ಲೈಯರ್ ಒಬ್ಬ ಕಾಂಟ್ರಾಕ್ಟರ್‌ಗೆ, ಅವನು ಇನ್ನೊಬ್ಬ ಮೇಸ್ತ್ರಿಗೆ, ಆ ಮೇಸ್ತ್ರಿ ಬೀದೀಲಿ ಒಂದು ಹೆಂಗಸಿಗೆ, ಅವಳು ಅಕ್ಕಪಕ್ಕದ ನಾಲ್ಕು ಮನೆಗೆ. ಕೊನೆಗೆ ಕೂತು ಮಾಡೋರಿಗೆ ಬ್ರ್ಯಾಂಡ್ ಹೆಸರೂ ಗೊತ್ತಿರಲ್ಲ, ಬ್ರ್ಯಾಂಡಿಗೂ ಇವರು ಯಾರಂತ ಗೊತ್ತಿರಲ್ಲ. ಮಕ್ಕಳು ಕೈ ಹಾಕಿದ್ರೂ ನೋಡೋರಿಲ್ಲ. ಐಎಲ್‌ಒ, ಅಂದ್ರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಅದರ ಪ್ರಕಾರ 2019ರಲ್ಲಿ ಜಗತ್ತಲ್ಲಿ ಮನೆಯಿಂದ ಕೆಲಸ ಮಾಡೋರು ಸುಮಾರು 26 ಕೋಟಿ, ಅದರಲ್ಲಿ 56 ಪರ್ಸೆಂಟ್ ಹೆಂಗಸರು. ಕಂಪ್ಯೂಟರ್ ಮುಂದೆ ಕೂರೋರೂ ಅದರಲ್ಲಿ ಸೇರಿದಾರೆ ಅನ್ನಿ, ಆದ್ರೂ. ಇವರಿಗೆ ಅಂತಾನೇ 1996ರಲ್ಲಿ 177ನೇ ನಂಬರಿನ ಒಪ್ಪಂದ ಮಾಡಿದ್ರು, ಮನೆಯಲ್ಲಿ ಕೂತು ಮಾಡೋರಿಗೂ ಬೇರೆ ಕಾರ್ಮಿಕರ ಸಮಾನ ಹಕ್ಕು ಸಿಗಬೇಕು ಅಂತ, ಅದನ್ನ ಒಪ್ಪಿರೋ ದೇಶಗಳು ತೀರಾ ಕಮ್ಮಿ.

ಅದಕ್ಕೆ ನಾನು ಬ್ರ್ಯಾಂಡಿಗೆ ಕೇಳೋದು ಒಂದೇ ಪ್ರಶ್ನೆ. ಈ ಪೀಸ್ ಮಾಡೋಕೆ ಎಷ್ಟು ಗಂಟೆ ಹಿಡಿಯುತ್ತೆ, ಮಾಡಿದವರಿಗೆ ಒಂದು ಪೀಸಿಗೆ ಎಷ್ಟು ಕೊಡ್ತೀರ? ನಿಮ್ಮ ಆರ್ಟಿಸನ್‌ಗಳಿಗೆ ನ್ಯಾಯವಾದ ಕೂಲಿ ಕೊಡ್ತೀರಾ ಅಂತ ಕೇಳಬೇಡಿ, ಅದಕ್ಕೆ ಹೌದು ಅನ್ನದೆ ಇರೋ ಬ್ರ್ಯಾಂಡು ಭೂಮಿ ಮೇಲಿಲ್ಲ. ಗಂಟೆ ಕೇಳಿ. ಕೈಕೆಲಸ ನಡೆಯೋದೆಲ್ಲ ಪೀಸ್ ರೇಟಲ್ಲಿ, ಪೀಸ್ ರೇಟ್ ಫಿಕ್ಸ್ ಮಾಡ್ಬೇಕಾದ್ರೆ ಯಾರಾದ್ರೂ ಒಬ್ರು ಕೂತು ಒಂದು ಪೀಸ್ ಮಾಡಿ ಟೈಮ್ ನೋಡಿರ್ಬೇಕು. ನೋಡಿದ್ರೆ ಉತ್ತರ ತಕ್ಷಣ ಬರುತ್ತೆ. ನೋಡಿಲ್ಲ ಅಂದ್ರೆ ರೇಟು ಚೌಕಾಶಿಯಲ್ಲೇ ಫಿಕ್ಸ್ ಆಗಿದೆ ಅಂತ ಲೆಕ್ಕ. ಉತ್ತರ ಬಂದ್ಮೇಲೆ ಪೀಸ್ ರೇಟನ್ನ ಗಂಟೆಯಿಂದ ಭಾಗಿಸಿ, ಎಂಟು ಗಂಟೆಗೆ ಗುಣಿಸಿ, ಕೆಲಸ ನಡೆಯೋ ಜಾಗದ ಕನಿಷ್ಠ ಕೂಲಿ ಪಕ್ಕ ಇಟ್ಟು ನೋಡಿ. ಕನಿಷ್ಠ ಕೂಲಿ ಕೂಡ ಬರೀ ಶುರುವಾತು, ಲಿವಿಂಗ್ ವೇಜ್ ಅಂತ ಬೇರೆ ಲೆಕ್ಕ ಇದೆ, ಮಾಮೂಲಿ ಕೆಲಸದ ಅವಧಿಯಲ್ಲಿ ದುಡಿದ ದುಡ್ಡಲ್ಲಿ ಊಟ, ಬಾಡಿಗೆ, ಆಸ್ಪತ್ರೆ, ಮಕ್ಕಳ ಓದು, ಓಡಾಟ, ಜೊತೆಗೆ ಆಪತ್ತಿಗೆ ಅಂತ ಒಂಚೂರು, ಇಷ್ಟು ಆಗಬೇಕು. ಎಷ್ಟೋ ಕಡೆ ಕಾನೂನಿನ ಕನಿಷ್ಠ ಕೂಲಿ ಇದರ ಹತ್ರಕ್ಕೂ ಬರಲ್ಲ.

ಲೆಕ್ಕದಲ್ಲಿ ಬಿಟ್ಟುಹೋಗೋದು ಏನಂದ್ರೆ ಸೂಜಿ ಹಿಡಿಯದ ಗಂಟೆಗಳು. ದಾರದ ಲಡಿ ಬಿಡಿಸೋದು, ಮಾಲು ತರೋಕೆ ಹೋಗೋದು, ಒಗೆದು ಇಸ್ತ್ರಿ ಮಾಡಿ ವಾಪಸ್ ಮುಟ್ಟಿಸೋದು, ರಿಜೆಕ್ಟ್ ಆದ ಪೀಸ್ ಬಿಚ್ಚಿ ಮತ್ತೆ ಮಾಡೋದು. ಮನೆಯ ಕರೆಂಟು, ಲೈಟು ಎಲ್ಲಾ ಅವರದ್ದೇ ಖರ್ಚು. ರಿಜೆಕ್ಟ್ ಆದ ಪೀಸಿಗೆ ಕೂಲಿ ಕೊಡ್ತೀರಾ ಅಂತ ಒಂದು ಕೇಳಿ ನೋಡಿ, ಎಷ್ಟು ಜನ ಸುಮ್ನಾಗ್ತಾರೆ ಅಂತ.

ಹಳೇಗುಂಡಿ

ಅಬ್ಬಾ, ಥ್ಯಾಂಕ್ಸ್ ಮೇಡಂ. ಕ್ರೋಶೆ ವಿಷಯ ಓದಿ ತಲೆ ತಿರುಗ್ತು, ನನ್ ಹತ್ರಾನೇ ಒಂದು ಅಂಥ ಟಾಪ್ ಇದೆ. ಹಂಗಾದ್ರೆ ಸರ್ಟಿಫಿಕೇಟ್ ಇರೋದನ್ನೇ ಹುಡುಕಿ ತಗೊಂಡ್ರೆ ಈ ತಲೆನೋವೇ ಇರಲ್ವಾ?

ಸೂಜಿಮೊನೆ

ಇರುತ್ತೆ, ಯಾಕಂದ್ರೆ ಒಂದೊಂದು ಸರ್ಟಿಫಿಕೇಟ್ ಒಂದೊಂದು ತುಂಡನ್ನ ಮಾತ್ರ ನೋಡುತ್ತೆ. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಅಂತ ಇದ್ರೆ ಬಟ್ಟೆಯಲ್ಲಿ ಮೈಗೆ ಹಾನಿ ಮಾಡೋ ಕೆಮಿಕಲ್ ಮಿತಿಯೊಳಗೆ ಇದೆ ಅಂತ ಟೆಸ್ಟ್ ಆಗಿದೆ ಅಷ್ಟೇ, ಅದು ಹಾಕ್ಕೊಳ್ಳೋರ ಚರ್ಮದ ಬಗ್ಗೆ, ಹೊಲಿದವರ ಕೂಲಿ ಬಗ್ಗೆ ಒಂದಕ್ಷರ ಹೇಳಲ್ಲ. ಹತ್ತಿ ಮೇಲಿನ ಫೇರ್‌ಟ್ರೇಡ್ ಗುರುತು ಮುಖ್ಯವಾಗಿ ಹತ್ತಿ ಬೆಳೆದ ರೈತರಿಗೆ ಸಂಬಂಧಪಟ್ಟಿದ್ದು. ಗಾಟ್ಸ್ (GOTS), ಅಂದ್ರೆ ಸಾವಯವ ಬಟ್ಟೆಗಿರೋ ಅಂತರರಾಷ್ಟ್ರೀಯ ಮಾನದಂಡ, ಸ್ವಲ್ಪ ಅಗಲ, 95 ಪರ್ಸೆಂಟ್ ಸಾವಯವ ನಾರಿದ್ರೆ ಆರ್ಗ್ಯಾನಿಕ್ ಅಂತ, 70 ದಾಟಿದ್ರೆ ಆರ್ಗ್ಯಾನಿಕ್ ಬಳಸಿ ಮಾಡಿದ್ದು ಅಂತ ಹಾಕಬಹುದು, ನೂಲೋದ್ರಿಂದ ಹಿಡಿದು ಹೊಲಿಗೆ ತನಕ ಕೆಮಿಕಲ್ಲು, ಕಾರ್ಮಿಕರ ಸ್ಥಿತಿ ಎರಡೂ ನೋಡ್ತಾರೆ. ಅದರಲ್ಲೂ ಮೋಸ ಆಗಿದೆ, 2020ರಲ್ಲಿ ಭಾರತದ ಹತ್ತಿಯಲ್ಲೇ ಸುಮಾರು 20,000 ಟನ್ ನಕಲಿ ಸರ್ಟಿಫಿಕೇಟ್ ಮೇಲೆ ಸಾವಯವ ಅಂತ ಓಡಿತ್ತು, ಅದನ್ನ ಹಿಡಿದಿದ್ದು ಗಾಟ್ಸ್‌ನವರೇ, ಅದು ಅವರ ಪರವಾಗಿ ಹೇಳಬೇಕಾದ ಮಾತು. ಬಟ್ಟೆ ಮೇಲೆ ಲೈಸೆನ್ಸ್ ನಂಬರು, ಸರ್ಟಿಫೈ ಮಾಡಿದವರ ಹೆಸರು ಎರಡೂ ಇರಬೇಕು, ಅವರ ಸೈಟಲ್ಲಿ ಯಾರು ಬೇಕಾದ್ರೂ ಚೆಕ್ ಮಾಡಬಹುದು. ನಂಬರ್ ಇಲ್ದೆ ಬರೀ ಗಾಟ್ಸ್ ಕಾಟನ್ ಅಂತ ಬರೆದಿದ್ರೆ ನೂಲು ಮಾತ್ರ ಎಲ್ಲೋ ಸರ್ಟಿಫೈಡ್ ಇರಬಹುದು, ನಿಮ್ಮ ಕೈಗೆ ಬಂದ ಜಾಕೆಟ್ ಅಲ್ಲ.

ಕುಶಲಕರ್ಮಿ ಬ್ರ್ಯಾಂಡ್‌ಗಳಿಗೆ ಹೆಚ್ಚು ಹೊಂದೋದು ಡಬ್ಲ್ಯುಎಫ್‌ಟಿಒ, ಅಂದ್ರೆ ವರ್ಲ್ಡ್ ಫೇರ್ ಟ್ರೇಡ್ ಆರ್ಗನೈಸೇಷನ್. ಅವರು ಒಂದು ಮಾಲನ್ನಲ್ಲ, ಇಡೀ ಸಂಸ್ಥೆಯನ್ನ ಹತ್ತು ತತ್ವದ ಮೇಲೆ ನೋಡ್ತಾರೆ. ಅದರಲ್ಲಿ ನನಗಿಷ್ಟ ಆದದ್ದು ಒಂದಿದೆ, ಕರಕುಶಲ ಮಾಲಿಗೆ ಮಾಡೋರು ಕೇಳಿದ್ರೆ ಕನಿಷ್ಠ 50 ಪರ್ಸೆಂಟ್ ಅಡ್ವಾನ್ಸ್ ಬಡ್ಡಿ ಇಲ್ದೆ ಕೊಡಬೇಕು. ಮಾಲು ಮುಟ್ಟಿಸಿ ತಿಂಗಳುಗಟ್ಟಲೆ ದುಡ್ಡಿಗೆ ಕಾಯೋರನ್ನ ನೋಡಿದವರಿಗೆ ಇದರ ಬೆಲೆ ಗೊತ್ತು. ನೆಸ್ಟ್ ಅಂತ ಇನ್ನೊಂದು ಲಾಭರಹಿತ ಸಂಸ್ಥೆ ಇದೆ, ಮನೆ ಮತ್ತೆ ಸಣ್ಣ ವರ್ಕ್‌ಶಾಪ್ ಕೆಲಸಕ್ಕೆ ಅಂತಾನೇ ಮಾನದಂಡ ಮಾಡಿದಾರೆ. ಕಾರ್ಪೆಟ್ ಆದ್ರೆ ಗುಡ್‌ವೀವ್, ಮಗ್ಗದಲ್ಲಿ ಮಕ್ಕಳನ್ನ ಕೂರಿಸಬಾರದು ಅಂತ 1994ರಲ್ಲಿ ರಗ್‌ಮಾರ್ಕ್ ಅನ್ನೋ ಹೆಸರಲ್ಲಿ ಶುರುವಾಗಿದ್ದು.

ಇಷ್ಟಿದ್ರೂ ಕಾಗದ ಕಾಗದವೇ. ಕರಾಚಿಯ ಅಲಿ ಎಂಟರ್‌ಪ್ರೈಸಸ್ ಗಾರ್ಮೆಂಟ್ ಫ್ಯಾಕ್ಟರಿಗೆ 2012ರಲ್ಲಿ ಎಸ್‌ಎ8000 ಸರ್ಟಿಫಿಕೇಟ್ ಸಿಕ್ಕಿತ್ತು, ಕಾರ್ಮಿಕರ ಹಕ್ಕು, ಸುರಕ್ಷತೆ ಎಲ್ಲಾ ನೋಡಿ ಕೊಡೋದು ಅದು. ಸಿಕ್ಕಿ ಕೆಲವೇ ವಾರಕ್ಕೆ, ಸೆಪ್ಟೆಂಬರ್ 11ಕ್ಕೆ, ಬೆಂಕಿ ಬಿದ್ದು 250ಕ್ಕಿಂತ ಜಾಸ್ತಿ ಜನ ಒಳಗೇ ಸತ್ರು.

ಬಣ್ಣದನೀರು

ಸೂಜಿಮೊನೆ ಅವರು ಕೂಲಿ ವಿಷಯ ಹೇಳ್ಯಾರ, ನಾ ನೀರಿನ ವಿಷಯ ಹೇಳ್ತೀನಿ. ಡೈಯಿಂಗ್ ಲೈನ್‌ನ್ಯಾಗ ಕೆಲಸಾ ಮಾಡಿದಾಂವ ನಾ.

ನ್ಯಾಚುರಲ್ ಡೈ ಅಂದ ಕೂಡ್ಲೆ ಜನಾ ಖುಷಿ ಆಗಿಬಿಡ್ತಾರ, ಗಿಡದ್ದು ಅಲ್ಲಾ, ಒಳ್ಳೇದs ಇರ್ತದ ಅಂತ. ಗಿಡದ ಬಣ್ಣ ಭಾಳಷ್ಟು ಹಂಗs ಅರಿವಿಗೆ, ಅಂದ್ರ ಬಟ್ಟಿಗೆ, ಹಿಡಿಯಂಗಿಲ್ರಿ, ಹಿಡೀಬೇಕಂದ್ರ ಮಾರ್ಡಂಟ್ ಬೇಕು, ಅಂದ್ರ ಲೋಹದ ಉಪ್ಪು. ಪಟಿಕ ಹಾಕಿದ್ರ ದೊಡ್ಡ ತ್ರಾಸಿಲ್ಲ. ಕಬ್ಬಿಣ ಹಾಕಿದ್ರ ಬಣ್ಣ ಕಪ್ಪಾಗ್ತದ, ಹೆಚ್ಚಾದ್ರ ನೂಲು ಬಲ ಕಳಕೊಂತದ. ತಾಮ್ರದ್ದು ನೀರಿಗೆ ಬಿಟ್ರ ಮೀನಿಗೆ ವಿಷ. ಕ್ರೋಮ್, ಅಂದ್ರ ಪೊಟ್ಯಾಷಿಯಂ ಡೈಕ್ರೋಮೇಟ್ ಬಳಸಿದ್ರ ಅದು ಕ್ಯಾನ್ಸರ್ ತರೂ ವಸ್ತು, ಬರೇ ಕೈಲೆ ಅದರಾಗ ಅರಿವಿ ಎದ್ದೂ ಮನಿಶ್ಯಾಗೆ ಮೊದಲು ಹತ್ತೂದು. ಅದಕ್ಕ ಯಾವ ಗಿಡದ್ದು ಅಂತ ಕೇಳೂದಕ್ಕಿಂತ ಯಾವ ಮಾರ್ಡಂಟ್ ಅಂತ ಕೇಳ್ರಿ. ಬಣ್ಣ ಮಾಡೂ ಜನರ ಜೋಡಿ ನಿಜವಾಗಿ ಕೆಲಸಾ ಮಾಡೂ ಬ್ರ್ಯಾಂಡ್ ಆದ್ರ ಒಂದ ನಿಮಿಷಕ್ಕ ಉತ್ತರ ಬರ್ತದ.

ಇಂಡಿಗೋದು ಇನ್ನೊಂದು ಕಥಿ. ಗಿಡದ ಇಂಡಿಗೋ, ಕಾರ್ಖಾನಿ ಇಂಡಿಗೋ ಎರಡೂ ಒಂದs ಅಣು, ಕಣ್ಣಿಲೆ ನೋಡಿ ಬ್ಯಾರೆ ಮಾಡಲಿಕ್ಕೆ ಬರೂದಿಲ್ಲ. ಜರ್ಮನಿಯ ಬಿಎಎಸ್‌ಎಫ್ ಕಂಪನಿ 1897ರಾಗ ಕೃತಕ ಇಂಡಿಗೋ ಮಾರಲಿಕ್ಕೆ ಶುರು ಮಾಡ್ತು, ಮುಂದ ಗಿಡದ್ದು ಮಾರ್ಕೆಟ್ ಬಿಟ್ಟು ಹೋದಂಗನ ಆತು, ಇವತ್ತಿನ ಜೀನ್ಸ್ ಹೆಚ್ಚುಕಮ್ಮಿ ಎಲ್ಲಾ ಕೃತಕದ್ದು. ಮತ್ತ ಗಿಡದ್ದs ಇದ್ರೂ ಅದು ನೀರಾಗ ಕರಗಂಗಿಲ್ಲ, ಕರಗಸಾಕ ಕೆಲವರು ಹಳೇ ಪದ್ಧತಿಲೆ ಹುಳಿ ಬರಸ್ತಾರ, ಭಾಳ ಮಂದಿ ಹೈಡ್ರೋಸ್ ಮತ್ತ ಕಾಸ್ಟಿಕ್ ಸೋಡಾ ಅನ್ನೂ ಕೆಮಿಕಲ್ ಹಾಕ್ತಾರ, ಜಲ್ದಿ ಆಗ್ತದ ಅಂತ. ಅದೂ ನ್ಯಾಚುರಲ್ ಇಂಡಿಗೋ ಅಂತನ ಮಾರಾಟ ಆಗ್ತದ, ಸುಳ್ಳೇನೂ ಅಲ್ಲ ಖರೆ, ಆದ್ರ ಮೋರಿಗೆ ಹೋಗೂ ನೀರಿಗೆ ಆ ಲೇಬಲ್ ಕಾಣಂಗಿಲ್ಲ.

ಎಲ್ಲಾಕ್ಕಿಂತ ದೊಡ್ಡ ಮಾತು ಅದs, ನೀರು ಎಲ್ಲಿ ಹೋಗ್ತದ. ದೊಡ್ಡ ಡೈಹೌಸಿಗೆ ಇಟಿಪಿ, ಅಂದ್ರ ಹೊಲಸು ನೀರು ಶುದ್ಧ ಮಾಡೂ ಘಟಕ, ಇರ್ತದ, ಇನ್ಸ್‌ಪೆಕ್ಷನ್ ಇರ್ತದ, ಎಷ್ಟರ ಮಟ್ಟಿಗೆ ನಡಸ್ತಾರ ಅನ್ನೂದು ಬ್ಯಾರೆ ಪ್ರಶ್ನೆ. ಹಿತ್ತಲದಾಗ ನಾಕ ಡ್ರಮ್ಮ ಇಟ್ಟು ಮಾಡೂ ಯುನಿಟ್ಟಿಗೆ ಏನೂ ಇರಂಗಿಲ್ಲ. ಅಲ್ಲಿ ರಿಯಾಕ್ಟಿವ್ ಬಣ್ಣ, ಅಂದ್ರ ಕಾರ್ಖಾನಿಯ ಕೃತಕ ಬಣ್ಣ, ಹಾಕಿದ್ರ ಒಂದ ಪಾಲು ಅರಿವಿಗೆ ಹತ್ತಂಗಿಲ್ಲ, ಜೋಡಿಗೆ ಕಿಲೋಗಟ್ಟಲೆ ಉಪ್ಪು, ಸೋಡಾ, ಎಲ್ಲಾ ಸೀದಾ ಗಟಾರಕ್ಕ. ಸಣ್ಣದು, ಕೈಲೆ ಮಾಡಿದ್ದು ಅಂದ ಮಾತ್ರಕ್ಕ ಪರಿಸರಕ್ಕ ಚೊಲೋ ಅಂತ ಹೇಳಲಿಕ್ಕೆ ಬರೂದಿಲ್ಲ. ಒಂದ ಮೀಟರ್ ಅರಿವಿಗೆ ಲೆಕ್ಕಾ ಹಾಕಿದ್ರ ಒಳ್ಳೆ ಇಟಿಪಿ ನಡಸೂ ಕಾರ್ಖಾನಿ ಕೆಲವು ಸಲ ಮುಂದ ಇರ್ತದ. ಇದನ್ನ ಹೇಳಿದ್ರ ಕರಕುಶಲದವರು ನನ್ನ ಮ್ಯಾಲೆ ಸಿಟ್ಟಾಗ್ತಾರ, ಆಗ್ಲಿ.

ನಡುದಾರ

ಸಿಟ್ಟೇನಿಲ್ಲ ಸರ್ 😄 ನಾನೇ ಒಂದು ಸಣ್ಣ ಬ್ರ್ಯಾಂಡ್ ನಡೆಸ್ತೀನಿ, ನೀರಿನ ವಿಷಯ ನೂರಕ್ಕೆ ನೂರು ನಿಜ, ನಾವು ಬಣ್ಣದ ಕೆಲಸ ಈಗ ಇಟಿಪಿ ಇರೋ ಕಡೆ ಜಾಬ್‌ವರ್ಕ್ ಕೊಡ್ತೀವಿ, ಹಂಗಾಗಿ ಆ ಒಂದು ಸ್ಟೆಪ್ ಹ್ಯಾಂಡ್‌ಮೇಡ್ ಅಂತ ಹೇಳ್ಕೊಳ್ಳೋಕಾಗಲ್ಲ, ಪರವಾಗಿಲ್ಲ.

ಆದ್ರೆ ಈ ಕಡೆಯಿಂದಾನೂ ಎರಡು ಮಾತು ಕೇಳಿ. ಸರ್ಟಿಫಿಕೇಟ್ ಇಲ್ಲ ಅನ್ನೋದನ್ನೇ ತಪ್ಪು ಅಂತ ಎಣಿಸಬೇಡಿ. ಆಡಿಟ್ ಫೀಸು, ಪ್ರತಿವರ್ಷ ರಿನ್ಯೂವಲ್ಲು, ಪ್ರತಿ ಲಾಟಿಗೂ ಟ್ರಾನ್ಸಾಕ್ಷನ್ ಸರ್ಟಿಫಿಕೇಟು, ಇದನ್ನೆಲ್ಲ ನೋಡ್ಕೊಳ್ಳೋಕೆ ಒಬ್ಬ ಆಳು, ಇಷ್ಟು ಖರ್ಚು ಸಾವಿರಾರು ಪೀಸ್ ಮೇಲೆ ಹಂಚೋರಿಗೆ ಲೆಕ್ಕಕ್ಕೇ ಬರಲ್ಲ, ಕೆಲವೇ ಪೀಸ್ ಮಾಡೋ ನಮಗೆ ಅದೇ ದುಡ್ಡು ಕೂಲಿಯಿಂದ ಕಿತ್ತು ಕೊಡಬೇಕಾಗುತ್ತೆ. ಹಂಗಾಗಿ ಎಷ್ಟೋ ಜನ ಸಾವಯವ ಹತ್ತಿ ಬಳಸಿಯೂ ಲೇಬಲ್ ಹಾಕಲ್ಲ, ಹಾಕಿದ್ರೆ ನಿಯಮ ಮೀರಿದಂಗಾಗುತ್ತೆ.

ಇನ್ನೊಂದು, ಸೂಜಿಮೊನೆ ಅಕ್ಕ ಹೇಳಿದಂಗೆ ಪೀಸ್ ರೇಟನ್ನ ಸೈಟಲ್ಲಿ ಬಹಿರಂಗ ಹಾಕೋದು ಅಷ್ಟು ಸಲೀಸಲ್ಲ. ಹಾಕಿದ ಮಾರನೇ ದಿನ ಇನ್ನೊಬ್ಬ ಒಂಚೂರು ಜಾಸ್ತಿ ತೋರಿಸಿ ನಮ್ಮ ಟೀಮನ್ನೇ ಎಳ್ಕೊಂಡು ಹೋಗ್ತಾನೆ, ಎರಡು ಆರ್ಡರ್ ಆದ್ಮೇಲೆ ಕೈ ಬಿಡ್ತಾನೆ. ಮಾಡೋರ ಹೆಸರು, ಫೋಟೋ, ಊರು ಎಲ್ಲಾ ಹಾಕಿ ಅಂತಾನೂ ಜನ ಕೇಳ್ತಾರೆ, ಅವರಲ್ಲಿ ಕೆಲವರಿಗೆ ಮುಖ ತೋರಿಸೋದು ಇಷ್ಟ ಇಲ್ಲ, ಮನೇಲಿ ತೊಂದರೆ ಆಗುತ್ತೆ. ಅವರ ಬಡತನ ನಮ್ಮ ಜಾಹೀರಾತಿನ ಸರಕಲ್ಲ ಅಲ್ವಾ.

ಸೂಜಿಮೊನೆ

@ನಡುದಾರ ಬಹಿರಂಗ ಹಾಕೋದು ಬೇಡಮ್ಮ, ಒಪ್ತೀನಿ. ಕೇಳಿದ ಗಿರಾಕಿಗೆ ಇಮೇಲಲ್ಲಿ ಹೇಳೋಕೇನು ಕಷ್ಟ? ಇಲ್ಲಾಂದ್ರೆ ರೇಟ್ ಹೇಳಬೇಡಿ, ಮಾರೋ ಬೆಲೆಯಲ್ಲಿ ಕೂಲಿಯ ಪಾಲು ಎಷ್ಟು ಪರ್ಸೆಂಟ್ ಅಂತ ಹೇಳಿ, ರೇಟ್ ಯಾರ ಜೊತೆ ಕೂತು ಫಿಕ್ಸ್ ಮಾಡಿದ್ರಿ, ಕೊನೇ ಸಲ ಯಾವಾಗ ಏರಿಸಿದ್ರಿ ಅಂತ ಹೇಳಿ. ಇಷ್ಟಕ್ಕೂ ಟ್ರೇಡ್ ಸೀಕ್ರೆಟ್ ಅಂದ್ರೆ ನನಗೆ ನಂಬಿಕೆ ಬರಲ್ಲ.

ಫೋಟೋ ಬಗ್ಗೆ ನೀವು ಹೇಳಿದ್ದು ನೂರು ಪಾಲು ಸರಿ. ನನಗಂತೂ ಸಬಲೀಕರಣ ಅಂತ ಹತ್ತು ಸಲ ಬರೆದು ಒಂದು ಕಡೆಯೂ ಕೂಲಿ ಅಂತ ಬರೀದೇ ಇರೋ ಸೈಟ್ ನೋಡಿದ್ರೆ ಮೊದಲ ಅನುಮಾನ ಅಲ್ಲೇ ಶುರುವಾಗೋದು.

ನಡುದಾರ

ಪರ್ಸೆಂಟ್ ಐಡಿಯಾ ಚೆನ್ನಾಗಿದೆ ಅಕ್ಕಾ, ಅದು ಮಾಡಬಹುದು. ಆದ್ರೆ ಅಂಗಡಿ ಮೂಲಕ ಮಾರಿದ್ರೆ ಅಂಗಡಿಯವರ ಮಾರ್ಜಿನ್ನಿಂದ ಆ ಪರ್ಸೆಂಟು ಅರ್ಧಕ್ಕರ್ಧ ಕಮ್ಮಿ ಕಾಣುತ್ತೆ, ಕೂಲಿ ಅಷ್ಟೇ ಇದ್ರೂ. ಜನ ಅದನ್ನ ಅರ್ಥ ಮಾಡ್ಕೊಬೇಕು.

ಕಟ್‌ಪೀಸ್

ಮಧ್ಯೆ ಬಾಯಿ ಹಾಕ್ತೀನಿ. ಯಾವ ಸ್ಟೆಪ್ ಕೈಯಲ್ಲಿ ಆಗಿದೆ ಅನ್ನೋದನ್ನ ಯಾರೂ ಕೇಳ್ತಿಲ್ಲ. ನೂಲೋದು, ಬಣ್ಣ, ನೇಯ್ಗೆ, ಕಟಿಂಗು, ಹೊಲಿಗೆ, ಕಾಜಾ ಗುಂಡಿ, ಇಷ್ಟರಲ್ಲಿ ಒಂದು ಕೈಯಲ್ಲಿ ಆದ್ರೂ ಪೂರ್ತಿ ಹ್ಯಾಂಡ್‌ಮೇಡ್ ಅಂತ ಹಾಕಿಬಿಡ್ತಾರೆ. ಹ್ಯಾರಿಸ್ ಟ್ವೀಡ್ ಅನ್ನೋ ಉಣ್ಣೆ ಬಟ್ಟೆ ನೋಡಿ, ಅದಕ್ಕೆ ಬ್ರಿಟನ್ನಲ್ಲಿ 1993ರಲ್ಲಿ ಕಾನೂನೇ ಮಾಡಿದಾರೆ, ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪದವರು ತಮ್ಮ ಮನೆಯಲ್ಲೇ ಕೈಮಗ್ಗದಲ್ಲಿ ನೇಯ್ದಿರಬೇಕು, ಉಣ್ಣೆಗೆ ಬಣ್ಣ ಹಾಕೋದು, ನೂಲೋದು ಎಲ್ಲಾ ಅದೇ ದ್ವೀಪದಲ್ಲಿ ಆಗಬೇಕು. ಆದ್ರೆ ನೂಲು ಮಿಲ್ಲಿಂದ ಬರುತ್ತೆ, ಮಗ್ಗ ಕಾಲಲ್ಲಿ ತುಳಿಯೋದು, ಅದನ್ನ ಯಾರೂ ಮುಚ್ಚಿಡಲ್ಲ, ಅದರಿಂದ ಬಟ್ಟೆ ಮರ್ಯಾದೆನೂ ಹೋಗಿಲ್ಲ. ಹಿಂಗೆ ಇದಿಷ್ಟು ಕೈಯಲ್ಲಿ, ಇದಿಷ್ಟು ಮೆಷಿನಲ್ಲಿ ಅಂತ ಬಿಡಿಸಿ ಹೇಳೋ ಬ್ರ್ಯಾಂಡನ್ನ ನಾನು ಜಾಸ್ತಿ ನಂಬ್ತೀನಿ.

ಆನ್‌ಲೈನ್ ಮಾರ್ಕೆಟ್‌ಪ್ಲೇಸಲ್ಲಿ ತಗೊಳ್ಳೋರಾದ್ರೆ ಇನ್ನೂ ಹುಷಾರು. ಹ್ಯಾಂಡ್‌ಮೇಡ್ ಮಾಲಿಗೆ ಹೆಸರಾದ ಎಟ್ಸಿನೇ 2013ರಲ್ಲಿ ಹೊರಗಿನ ತಯಾರಕರ ಹತ್ರ ಮಾಡಿಸಿ ಮಾರೋಕೆ ಒಪ್ಪಿಗೆ ಕೊಡ್ತು. ಪ್ರಾಡಕ್ಟ್ ಫೋಟೋನ ರಿವರ್ಸ್ ಇಮೇಜ್ ಸರ್ಚ್ ಹಾಕಿ, ಅದೇ ಫೋಟೋ ಹೋಲ್‌ಸೇಲ್ ಸೈಟಲ್ಲಿ ಡಜನ್ ಲೆಕ್ಕದಲ್ಲಿ ಸಿಕ್ಕಿದ್ರೆ ಅಲ್ಲಿಗೆ ಕಥೆ ಮುಗೀತು.

ಆಮೇಲೆ ಬಟ್ಟೆ ಯಾವುದು ಅಂತ ನೋಡಿ. ಬಿದಿರಿನ ಬಟ್ಟೆ ಅಂದ್ರೆ ಹೆಚ್ಚಿನಂಶ ವಿಸ್ಕೋಸು, ಅಂದ್ರೆ ಗಿಡದ ತಿರುಳನ್ನ ಕೆಮಿಕಲಲ್ಲಿ ಕರಗಿಸಿ ತೆಗೆದ ನೂಲು, ಅದನ್ನ ಮಾಡೋಕೆ ಕಾರ್ಬನ್ ಡೈಸಲ್ಫೈಡ್ ಬೇಕು, ಅದು ಕೆಲಸಗಾರರ ನರಗಳಿಗೆ ಪೆಟ್ಟು ಕೊಡೋ ಕೆಮಿಕಲ್ಲು. ಇದನ್ನ ಬಿದಿರು, ಪರಿಸರಸ್ನೇಹಿ ಅಂತ ಮಾರಿದ್ದಕ್ಕೆ 2022ರಲ್ಲಿ ಅಮೆರಿಕದಲ್ಲಿ ಗ್ರಾಹಕರ ರಕ್ಷಣೆ ನೋಡೋ ಸರ್ಕಾರಿ ಸಂಸ್ಥೆ ಎಫ್‌ಟಿಸಿ, ಕೋಲ್ಸ್ ಮತ್ತೆ ವಾಲ್‌ಮಾರ್ಟ್ ಅನ್ನೋ ದೊಡ್ಡ ಚೈನ್ ಅಂಗಡಿಗಳ ಮೇಲೆ ಕೇಸ್ ಹಾಕಿ, ಎರಡೂ ಸೇರಿ 55 ಲಕ್ಷ ಡಾಲರ್ ಕಟ್ಟಬೇಕಾಯ್ತು. ವೀಗನ್ ಲೆದರ್ ಅಂದ್ರೆ ಬಹಳ ಸಲ ಪ್ಲಾಸ್ಟಿಕ್ಕೇ. ಕೈಯಲ್ಲಿ ಹೊಲಿದ ಪ್ಲಾಸ್ಟಿಕ್ ಬ್ಯಾಗ್ ಕೂಡ ಪ್ಲಾಸ್ಟಿಕ್ ಬ್ಯಾಗೇ ತಾನೆ.

ಮೂಲೆಬೆಂಚು

ಇಷ್ಟೆಲ್ಲಾ ಕೇಳಿದ್ರೆ ಆ ಬ್ರ್ಯಾಂಡಿನವರು ನಿಮ್ಮನ್ನ ಬ್ಲಾಕ್ ಮಾಡ್ತಾರೆ ಅಷ್ಟೇ 😂

ಹಳೇಗುಂಡಿ

ಅಪ್‌ಡೇಟ್. ಬ್ಲಾಕ್ ಮಾಡಿಲ್ಲ 😀 ಮೇಲ್ ಹಾಕಿದ್ದೆ, ಉತ್ತರ ಬಂತು, ಸಾಕಷ್ಟು ಉದ್ದ ಇದೆ. ಸಾರಾಂಶ ಹೇಳ್ತೀನಿ, ನೀವೇ ನೋಡಿ ಹೇಳಿ.

ನೂಲು ಮಿಲ್ಲಿಂದು, ವ್ಯಾಪಾರಿ ಹತ್ರ ತಗೋತಾರಂತೆ, ಸಾವಯವ ಅಲ್ಲ, ನಾವು ಹಂಗೆ ಹೇಳ್ಕೊಂಡೂ ಇಲ್ಲ ಅಂದ್ರು. ನೇಯ್ಗೆ ಕೈಮಗ್ಗದ್ದೇ, ಎರಡು ಗುಂಪುಗಳ ಹತ್ರ, ಮಧ್ಯೆ ಯಾರೂ ಇಲ್ಲ, ಆರ್ಡರ್ ಕೊಡುವಾಗಲೇ ಅರ್ಧ ದುಡ್ಡು ಕೊಡ್ತಾರೆ. ಬಣ್ಣ, ನೀಲಿ ಮತ್ತೆ ಕೆಂಪು ಮಾತ್ರ ಗಿಡದ್ದು, ಕೆಂಪಿಗೆ ಪಟಿಕ, ಕಪ್ಪು ಮತ್ತೆ ಬೂದು ರಿಯಾಕ್ಟಿವ್. ಸೈಟಲ್ಲಿ ಎಲ್ಲಾ ನ್ಯಾಚುರಲ್ ಅಂತಿದ್ಯಲ್ಲ ಅಂದಿದ್ದಕ್ಕೆ ಅದನ್ನ ಬದಲಾಯಿಸ್ತೀವಿ ಅಂದ್ರು. ಕಟಿಂಗ್, ಹೊಲಿಗೆ ಅವರದ್ದೇ ರೂಮಲ್ಲಿ ಮೆಷಿನಲ್ಲಿ, ತಿಂಗಳ ಸಂಬಳದ ಮೇಲೆ. ಅಂಚಿನ ಹೊಲಿಗೆ, ಕಾಜಾ, ಕಸೂತಿ ಕೈಯಲ್ಲಿ, ಅದು ಮನೆಗೆ ಹೋಗುತ್ತೆ, ಪೀಸ್ ರೇಟು. ಒಂದು ಜಾಕೆಟ್ಟಿಗೆ ಎಷ್ಟು ಗಂಟೆ ಅಂತ ಹೇಳಿದ್ರು, ರೇಟೂ ಹೇಳಿದ್ರು ಆದ್ರೆ ಎಲ್ಲೂ ಹಾಕಬೇಡಿ ಅಂದಿದಾರೆ ಅದಕ್ಕೆ ಹಾಕ್ತಿಲ್ಲ. ಭಾಗಿಸಿ ಗುಣಿಸಿ ನೋಡಿದೆ, ಕನಿಷ್ಠ ಕೂಲಿಗಿಂತ ಸ್ವಲ್ಪ ಮೇಲಿದೆ, ತುಂಬಾ ಏನಿಲ್ಲ. ಬಣ್ಣದ ನೀರು ಎಲ್ಲಿ ಹೋಗುತ್ತೆ ಅನ್ನೋದಕ್ಕೆ, ರಿಜೆಕ್ಟ್ ಪೀಸಿನ ಕೂಲಿಗೆ, ಎರಡಕ್ಕೂ ಉತ್ತರ ಇಲ್ಲ, ಆ ಪ್ರಶ್ನೆಗಳನ್ನ ಹಾರಿಸಿಬಿಟ್ಟಿದಾರೆ.

ಬಣ್ಣದನೀರು

ಕಪ್ಪು ರಿಯಾಕ್ಟಿವ್ ಅಂತ ತಾವಾಗೇ ಒಪ್ಪಿದ್ರಲ್ಲ, ಅದು ನನಗ ಹಿಡಿಸ್ತು. ಗಿಡದಿಂದ ಗಟ್ಟಿ ಕಪ್ಪು ತೆಗಿಯೂದು ಭಾಳ ತ್ರಾಸಿನ ಕೆಲಸ, ಟ್ಯಾನಿನ್, ಅಂದ್ರ ಗಿಡದಾಗಿನ ಒಗರಿನ ಅಂಶ, ಅದರ ಮ್ಯಾಲೆ ಕಬ್ಬಿಣ ಕೊಟ್ಟು ಕೊಟ್ಟು ಮಾಡಬೇಕು, ಎಲ್ಲಾ ಬಣ್ಣ ಗಿಡದ್ದು, ವರ್ಷಪೂರ್ತಿ ಒಂದs ಶೇಡು ಅಂದಿದ್ರ ನಾ ನಂಬತಿದ್ದಿಲ್ಲ. ಆದ್ರ ರಿಯಾಕ್ಟಿವ್ ಅದ ಅಂದ ಮ್ಯಾಲೆ ನೀರಿನ ಪ್ರಶ್ನೆ ಇನ್ನೂ ದೊಡ್ಡದಾತು ನೋಡ್ರಿ. ಅದನ್ನ ಮತ್ತ ಕೇಳ್ರಿ, ಈ ಸಲ ಒಂದs ಸಾಲಿನ್ಯಾಗ, ಬಣ್ಣದ ಕೆಲಸ ಎಲ್ಲಿ ಆಗ್ತದ, ಅಲ್ಲಿ ಇಟಿಪಿ ಅದನೋ ಇಲ್ಲೋ. ಸದ್ಯಕ್ಕ ತಗೊಳ್ಳೂದಿದ್ರ ನೀಲಿ ಇಲ್ಲಾ ಕೆಂಪು ತಗೋರಿ, ನೀಲಿಯಾದ್ರ ಹುಳಿ ಬರಸಿದ್ದೋ ಹೈಡ್ರೋಸಿಂದೋ ಅಂತ ಅದನ್ನೂ ಸೇರಿಸಿ ಕೇಳ್ರಿ.

ಸೂಜಿಮೊನೆ

ನಾನು ನೋಡಿರೋ ಲೆಕ್ಕದಲ್ಲಿ ಇದು ಒಳ್ಳೇ ಉತ್ತರವೇ. ಪರ್ಫೆಕ್ಟ್ ಅಲ್ಲ, ಆದ್ರೆ ಇಲ್ಲ ಅನ್ನೋದನ್ನ ಇಲ್ಲ ಅಂತ ಹೇಳಿದಾರೆ, ಗಂಟೆ ಲೆಕ್ಕ ಇಟ್ಟಿದಾರೆ, ಅರ್ಧ ಅಡ್ವಾನ್ಸ್ ಕೊಡ್ತಾರೆ. ಮನೆಗೆ ಹೋಗೋ ಕಸೂತಿ ಕೆಲಸದ್ದೇ ನನಗೆ ಚಿಂತೆ. ಕನಿಷ್ಠ ಕೂಲಿಗಿಂತ ಸ್ವಲ್ಪವೇ ಮೇಲೆ ಅಂದ್ರೆ, ನಾನು ಆಗಲೇ ಹೇಳಿದ ಓಡಾಟ, ಬಿಚ್ಚಿ ಮಾಡೋದು ಎಲ್ಲಾ ಸೇರಿಸಿದ್ರೆ ಕೆಳಗೆ ಬಿದ್ದೇ ಬೀಳುತ್ತೆ. ಗಂಟೆ ಲೆಕ್ಕ ಯಾರ ಕೈಯಲ್ಲಿ ಮಾಡಿಸಿದ್ದು ಅಂತ ಕೇಳಿ, ಎಲ್ಲರಿಗಿಂತ ಚುರುಕಾಗಿ ಹಾಕೋರನ್ನ ಕೂರಿಸಿ ಟೈಮ್ ತಗೊಂಡಿರ್ತಾರೆ ಬಹಳ ಕಡೆ, ಆಮೇಲೆ ಮಾಮೂಲಿ ಕೈಯವರಿಗೆ ಅದೇ ರೇಟು.

ಕಟ್‌ಪೀಸ್

ಕಸೂತಿ ಡಿಸೈನ್ ಯಾರದ್ದು ಅಂತಾನೂ ಕೇಳಿ. 2019ರಲ್ಲಿ ಲಾವೋಸಿನ ಓಮಾ ಜನರ ಕಸೂತಿ ವಿನ್ಯಾಸಗಳನ್ನ ಇಟಲಿಯ ದೊಡ್ಡ ಬ್ರ್ಯಾಂಡ್ ಒಂದು ಬಟ್ಟೆ ಮೇಲೆ ಸೀದಾ ಪ್ರಿಂಟ್ ಹೊಡೆದು ಮಾರ್ತಿದೆ ಅಂತ ಅಲ್ಲಿನ ಮ್ಯೂಸಿಯಂನವರು ಗಲಾಟೆ ಎಬ್ಬಿಸಿದ್ರು, ಓಮಾದವರ ಹೆಸರೂ ಎಲ್ಲೂ ಹಾಕಿರಲಿಲ್ಲ. ಸಣ್ಣ ಬ್ರ್ಯಾಂಡಲ್ಲೂ ಡಿಸೈನರ್ ಹೆಸರು ದೊಡ್ಡದಾಗಿ ಇರುತ್ತೆ, ಡಿಸೈನ್ ಮಾತ್ರ ಹಾಕೋರ ಅಜ್ಜಿಯದ್ದಾಗಿರುತ್ತೆ.

ಮೂಲೆಬೆಂಚು

ಸರಿ ಅವರು ಉತ್ತರ ಕೊಟ್ರು ಅಂತ ಒಪ್ಕೋತೀನಿ. ಆದ್ರೂ ನನ್ನ ಪ್ರಕಾರ ಅತೀ ಸಸ್ಟೇನಬಲ್ ಜಾಕೆಟ್ ಅಂದ್ರೆ ನಿಮ್ಮ ಬೀರುವಲ್ಲಿ ಆಗಲೇ ಇರೋದು.

ನಡುದಾರ

ಅದು ನಿಜಾನೇ, ಆದ್ರೆ ಎಲ್ರೂ ಹಂಗೆ ಕೂತ್ರೆ ನೇಯೋರ ಒಲೆ ಉರಿಯಲ್ಲ ಬ್ರದರ್ 🙂 ಕಮ್ಮಿ ತಗೊಳ್ಳಿ, ತಗೊಂಡಿದ್ದನ್ನ ಹರಿಯೋ ತನಕ ಹಾಕಿ, ಹರಿದ್ರೆ ರಿಪೇರಿ ಮಾಡ್ಕೊಡ್ತಾರಾ ಅಂತ ಬ್ರ್ಯಾಂಡನ್ನ ಕೇಳಿ. ನಾವು ರಿಪೇರಿ ಮಾಡ್ಕೊಡ್ತೀವಿ, ಜಾಸ್ತಿ ಜನ ಕಳಿಸಲ್ಲ ಅನ್ನೋದು ಬೇರೆ ಮಾತು.

@ಹಳೇಗುಂಡಿ ರಿಜೆಕ್ಟ್ ಪೀಸಿಗೆ ನಾವೂ ಇಷ್ಟು ದಿನ ಅರ್ಧ ಕೂಲಿ ಕೊಡ್ತಿದ್ವಿ. ಈ ಥ್ರೆಡ್ ಓದ್ತಾ ಓದ್ತಾ ಟೀಮ್ ಜೊತೆ ಮಾತಾಡೋಕೆ ಕೂತಿದ್ದೀನಿ, ಅರ್ಧ ರಿಜೆಕ್ಟು ನಾವು ಕೊಟ್ಟ ಟ್ರೇಸಿಂಗೇ ಸರಿ ಇಲ್ಲದ್ದಕ್ಕೆ ಆಗೋದು ಅಂತಿದಾರೆ ಅವರು.

ಹಳೇಗುಂಡಿ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಕೆಂಪು ಜಾಕೆಟ್ ಅಂತ ಡಿಸೈಡ್ ಮಾಡಿದೀನಿ, ಆರ್ಡರ್ ಇನ್ನೂ ಹಾಕಿಲ್ಲ. ನೀರು, ರಿಜೆಕ್ಟ್ ಕೂಲಿ, ಟೈಮ್ ಯಾರದ್ದು ತಗೊಂಡಿದ್ದು, ಡಿಸೈನ್ ಯಾರದ್ದು, ನಾಲ್ಕೂ ಸೇರಿಸಿ ಇನ್ನೊಂದು ಮೇಲ್ ಈಗ ತಾನೇ ಕಳಿಸ್ದೆ. ಸೈಟಲ್ಲಿ ನ್ಯಾಚುರಲ್ ಡೈ ಅನ್ನೋ ಸಾಲು ಇನ್ನೂ ಹಂಗೇ ಇದೆ, ಅದನ್ನೂ ನೆನಪಿಸಿದೀನಿ.

ಸೂಜಿಮೊನೆ

ಆ ಸಾಲು ಬದಲಾದ್ಮೇಲೇ ಆರ್ಡರ್ ಹಾಕಿ.